ಅಟ್ಟದ ಮೇಲಿನ ಲಕ್ಷ

ರಾಜಾಜಿನಗರದ ನಮ್ಮ ಚಿಕ್ಕಪ್ಪನ ಮನೆ ಬಿಲ್ಡರ್ ಕೈಗೆ ಹೋಯ್ತು. ತಿಂಗಳೊಳಗೆ ಖಾಲಿ ಮಾಡಬೇಕು. ಅಟ್ಟದ ಸಾಮಾನು ಇಳಿಸೋಕೆ ನನ್ನನ್ನು ಕರೆದಿದ್ದರು. ಒಂದು ಮರ್ಫಿ ವಾಲ್ವ್ ರೇಡಿಯೋ, ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಕಪ್ಪು ಡಯಲ್ ಫೋನು, ವಿಸಿಆರ್, ಎರಡು ಶೂ ಡಬ್ಬದ ತುಂಬ ಕ್ಯಾಸೆಟ್ಟು, ಪೆಂಟಿಯಂ ಕಂಪ್ಯೂಟರು, ಬಟ್ಟೆ ಚೀಲದಲ್ಲಿ ಸುತ್ತಿಟ್ಟ ನೋಕಿಯಾ 1100. ಒಂದೊಂದನ್ನೂ ಪಂಚೆಯ ಅಂಚಿನಲ್ಲಿ ಒರೆಸಿ ಸೋಫಾ ಮೇಲೆ ಕೂರಿಸುತ್ತಿದ್ದ ರೀತಿ ನೋಡಿಯೇ ನನಗೆ ಅನುಮಾನ ಬಂತು.

"ಇವೆಲ್ಲ ಈಗ ಆಂಟಿಕ್ ಕಣೋ. ರೇಡಿಯೋ ಒಂದೇ ಲಕ್ಷಕ್ಕೆ ಹೋಗುತ್ತಂತೆ."

ಯಾರು ಹೇಳಿದ್ದು ಅಂದ್ರೆ ವಾಟ್ಸಾಪ್. ಹಳೇ ರೇಡಿಯೋ, ಟೀವಿಗಳ ಒಳಗೆ 'ರೆಡ್ ಮರ್ಕ್ಯುರಿ', ಅಂದ್ರೆ ಕೆಂಪು ಪಾದರಸ, ಇರುತ್ತಂತೆ, ಗ್ರಾಂ ಲೆಕ್ಕದಲ್ಲಿ ಕೊಳ್ಳುವವರಿದ್ದಾರಂತೆ. ಪರೀಕ್ಷೆಯೂ ಉಂಟು: ಬೆಳ್ಳುಳ್ಳಿ ಹಿಡಿದರೆ ಅದು ದೂರ ಸರಿಯಬೇಕು, ಚಿನ್ನ ಹಿಡಿದರೆ ಹತ್ತಿರ ಬರಬೇಕು. (ಚಿಕ್ಕಮ್ಮ ಬಳೆ ಬಿಚ್ಚಿಕೊಡಲಿಲ್ಲ. ಆ ಮನೆಯಲ್ಲಿ ಬುದ್ಧಿ ಯಾರಿಗಿದೆ ಅಂತ ನಮಗೆಲ್ಲ ಮೊದಲೇ ಗೊತ್ತು.)

ಅಂಥ ಪಾದರಸ ಯಾವ ರೇಡಿಯೋದಲ್ಲೂ ಇಲ್ಲ. ರೇಡಿಯೋ ಒಳಗಿನ ಬಲ್ಬಿನಂಥ ವಾಲ್ವಿನ ಗಾಜಿನ ನೆತ್ತಿಯಲ್ಲಿ ಕನ್ನಡಿಯ ಹಾಗೆ ಹೊಳೆಯುವ ಮಚ್ಚೆಯೊಂದಿರುತ್ತಲ್ಲ, ಅದು ಬೇರಿಯಂ ಲೇಪ. ಒಳಗೆ ಅಳಿದುಳಿದ ಗಾಳಿಯನ್ನು ಹೀರಿ ನಿರ್ವಾತ ಕಾಪಾಡೋದು ಅದರ ಕೆಲಸ. ವಾಲ್ವಿಗೆ ಬಿರುಕು ಬಿಟ್ಟು ಗಾಳಿ ಹೊಕ್ಕರೆ ಆ ಮಚ್ಚೆ ಬಿಳಿಚಿಕೊಳ್ಳುತ್ತದೆ. ಈ ಗಾಳಿಸುದ್ದಿ ನಮ್ಮೂರಿನದೇ ಅಂದ್ಕೋಬೇಡಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಕಥೆ ನಂಬಿ ಜನ ಹಳೇ ಸಿಂಗರ್ ಹೊಲಿಗೆ ಮೆಷಿನ್ನಿಗೆ ಮುಗಿಬಿದ್ದಿದ್ದರು. ಹೊಲಿಗೆ ಮೆಷಿನ್ನಿಗೆ!

ಹಾಗಂತ ಹಳೇ ಯಂತ್ರಕ್ಕೆ ಬೆಲೆಯೇ ಇಲ್ಲ ಅಂತಲ್ಲ. 1976ರಲ್ಲಿ ಸುಮಾರು 200 ಮಾತ್ರ ತಯಾರಾದ, 666.66 ಡಾಲರಿನ ಆಪಲ್-1 ಕಂಪ್ಯೂಟರೊಂದು 2014ರ ಹರಾಜಿನಲ್ಲಿ 9,05,000 ಡಾಲರಿಗೆ ಹೋಯ್ತು. 2007ರ ಮೊದಲ ಐಫೋನಿನ 4 ಜಿಬಿ ಮಾಡೆಲ್ಲು, ಸೀಲ್ ಒಡೆಯದ್ದು, 2023ರಲ್ಲಿ 1,90,000 ಡಾಲರ್ ದಾಟಿತು. ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿಗೂ ಮೇಲೆ. 4 ಜಿಬಿ ಯಾರಿಗೂ ಬೇಡವಾಗಿ ಕಂಪನಿ ಕೆಲವೇ ತಿಂಗಳಲ್ಲಿ ನಿಲ್ಲಿಸಿತ್ತು. ಬೇಡವಾಗಿದ್ದಕ್ಕೇ ಅಪರೂಪವಾಯ್ತು, ಯಾರೂ ಮುಟ್ಟದ್ದಕ್ಕೇ ಕೋಟಿಯಾಯ್ತು. ಚಿಕ್ಕಪ್ಪನ ನೋಕಿಯಾ 1100 ಇದೆಯಲ್ಲ, ಜಗತ್ತಿನಲ್ಲಿ ಅದು ಮಾರಾಟವಾದದ್ದು 25 ಕೋಟಿಗೂ ಹೆಚ್ಚು. ಮೇಲಾಗಿ ಇವರದರಲ್ಲಿ 5ನೇ ಬಟನ್ ಒಳಗೆ ಕೂತುಬಿಟ್ಟಿದೆ.

ಮುಟ್ಟಿದ್ದು, ಮುಟ್ಟದ್ದು ಅಂದೆನಲ್ಲ, ಆ ಪಾಠಕ್ಕೆ ನಾನೇ ಫೀಸು ಕಟ್ಟಿದ್ದೇನೆ. ಎಚ್‌ಎಂಟಿ ವಾಚ್ ನಮ್ಮೂರಿನದು, 1961ರಲ್ಲಿ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದದ್ದು. ಅದು ಮುಚ್ಚುತ್ತೆ ಅಂತ ಸುದ್ದಿಯಾದ ಮೇಲೆ ಜನತಾ, ಪೈಲಟ್ ಮಾಡೆಲ್ಲುಗಳಿಗೆಲ್ಲ ಬೆಲೆ ಏರಿತು. ನಾನೂ ಸಂಡೇ ಬಜಾರಿನಲ್ಲಿ 1,200 ಕೊಟ್ಟು ಒಂದು ಪೈಲಟ್ ತಂದೆ. ಕಪ್ಪು ಡಯಲ್ಲು ಈಗ ತಾನೇ ಫ್ಯಾಕ್ಟರಿಯಿಂದ ಬಂದಂತೆ ಫಳಫಳ. ವಾಚ್ ರಿಪೇರಿಯವರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಎರಡೇ ನಿಮಿಷ ನೋಡಿ ನನ್ನ ಕೈಗೇ ಲೆನ್ಸ್ ಕೊಟ್ಟರು. ನಿಮಿಷದ ಗೆರೆಗಳು ಅಂಚಿನಿಂದ ಒಂದು ಕೂದಲೆಳೆ ಸೊಟ್ಟ. ಅಕ್ಷರಗಳ ತುದಿ ಶಾಯಿ ಹೀರಿದ ಕಾಗದದ ಹಾಗೆ ಹರಡಿತ್ತು. "ಡಯಲ್ ಪೇಂಟ್ ಮಾಡ್ಸಿದಾರೆ ಸಾರ್, ಇದಕ್ಕೆ ಬಾಂಬೆ ಸ್ಪೆಷಲ್ ಅಂತೀವಿ. ಟೈಮ್ ಕರೆಕ್ಟಾಗೇ ತೋರಿಸುತ್ತೆ, ಬೇಜಾರು ಮಾಡ್ಕೋಬೇಡಿ." ಮಂಕಾಗಿ ಕಲೆಯಾದ ಮೂಲ ಡಯಲ್ಲಿಗೆ ಸಂಗ್ರಹ ಮಾಡುವವರು ಇದಕ್ಕಿಂತ ಹೆಚ್ಚು ಕೊಡುತ್ತಾರಂತೆ. ಹೊಳಪು ಬಂದಷ್ಟೂ ಬೆಲೆ ಇಳಿಯುವ ಇಂಥ ವ್ಯಾಪಾರ ನಾನಂತೂ ಬೇರೆ ನೋಡಿಲ್ಲ.

ಮತ್ತೆ ಮರ್ಫಿಗೆ ಬರ್ತೀನಿ. ಫೋಟೋ ನೋಡಿ ಪರಿಚಯದ ಸಂಗ್ರಾಹಕರೊಬ್ಬರು 6,000 ಹೇಳಿದ್ದರು, ನಡೆಯುತ್ತೋ ಇಲ್ಲವೋ ಕೇಳದೆ. ಚಿಕ್ಕಪ್ಪನಿಗೆ ಸಮಾಧಾನವಿಲ್ಲ. ನಾನು ಕಂಪ್ಯೂಟರ್ ಇಳಿಸುತ್ತಿದ್ದಾಗ, "ಹಾಡಿಸಿ ತೋರಿಸಿದರೆ ಡಬಲ್ ಸಿಗುತ್ತೆ" ಅಂತ ಪ್ಲಗ್ ಹಾಕಿಯೇಬಿಟ್ಟರು. ಅರ್ಧ ನಿಮಿಷ ಗುಂಯ್ ಅಂತು, ಆಮೇಲೆ ಮೇಣ ಕರಗಿದ ವಾಸನೆ, ಹಿಂದಿನಿಂದ ತೆಳ್ಳಗೆ ಹೊಗೆ. ಮೂವತ್ತು ನಲವತ್ತು ವರ್ಷ ಮಲಗಿದ್ದ ಸೆಟ್ಟಿನ ಪೇಪರ್ ಕೆಪಾಸಿಟರ್ ಅನ್ನೋ ಬಿಡಿಭಾಗಗಳು ಕರೆಂಟ್ ಸೋರಿಸುತ್ತಿರುತ್ತವೆ, ನೇರ 230 ವೋಲ್ಟ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಬಲ್ಲವರು ಮೊದಲು ಆ ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿ, ಆಮೇಲೆ ಸೀರೀಸ್‌ನಲ್ಲಿ ಒಂದು ಬಲ್ಬ್ ಹಾಕಿ ಕರೆಂಟ್ ಕೊಡುತ್ತಾರೆ. ಸಂಗ್ರಾಹಕರು ವಿಷಯ ಕೇಳಿ 3,000ಕ್ಕೆ ಇಳಿದರು. ಲಕ್ಷದ ರೇಡಿಯೋ!

ವಿಸಿಆರ್, ಕಂಪ್ಯೂಟರ್ ಎರಡೂ ಗುಜರಿಗೆ, ಸೇರಿ 450. ಕ್ಯಾಸೆಟ್ಟು ಅವನಿಗೂ ಬೇಡ.

ರೇಡಿಯೋ ಹೊತ್ತುಕೊಂಡು ನಾವು ಹೋದದ್ದು ದೂರವಾಣಿ ನಗರದ ಕಡೆಯ ಯಜಮಾನರೊಬ್ಬರ ಮನೆಗೆ. ಐಟಿಐನಲ್ಲಿ ದುಡಿದು ನಿವೃತ್ತರಾದವರು. ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಎಂಟು ಹತ್ತು ಸೆಟ್ಟು ಸರದಿಯಲ್ಲಿ ಕೂತಿವೆ. ಟ್ರಾನ್ಸ್‌ಫಾರ್ಮರ್ ತಾವೇ ರೀವೈಂಡ್ ಮಾಡುತ್ತಾರೆ. ಹಳೇ ಕೆಪಾಸಿಟರಿನ ಚಿಪ್ಪು ಎಸೆಯದೆ, ಹೊಟ್ಟೆ ಬಗೆದು ಒಳಗೆ ಹೊಸದನ್ನು ಕೂರಿಸುತ್ತಾರೆ, ಹಿಂದಿನ ರಟ್ಟು ತೆಗೆದು ನೋಡಿದವರಿಗೂ ಸೆಟ್ಟು ಫ್ಯಾಕ್ಟರಿಯಿಂದ ಬಂದ ಹಾಗೇ ಕಾಣಲಿ ಅಂತ. "ಈಗ ಕಲಿಯೋಕೆ ಯಾರೂ ಬರಲ್ಲ" ಅಂದರು. ದೂರು ಹೇಳಿದ ಹಾಗಿರಲಿಲ್ಲ, ಕೈ ಕೆಲಸ ಮಾಡುತ್ತಲೇ ಇತ್ತು.

ನನ್ನ ಮಟ್ಟಿಗೆ ಈ ಊರಿನ ಹಳೇ ಯಂತ್ರಗಳ ಬೆಲೆ ಇಂಥ ಕೈಗಳ ಮೇಲೆ ನಿಂತಿದೆ. ಹರಾಜಿನ ಐಫೋನ್ ಡಬ್ಬ ತೆರೆಯದಿದ್ದರೆ ಮಾತ್ರ ಕೋಟಿ. ಮರ್ಫಿ ಹಾಗಲ್ಲ, ಅದು ಹಾಡಬೇಕು. ಹಾಡಿಸುವವರು ನಾಲ್ಕು ಜನ ಉಳಿದಿರುವ ತನಕ ಅದಕ್ಕೆ ಐದಾರು ಸಾವಿರ, ಆಮೇಲೆ ಅದು ಹೋಟೆಲ್ಲಿನ ಗೋಡೆಯ ಅಲಂಕಾರ, ಸೌದೆಗಿಂತ ಸ್ವಲ್ಪ ಮೇಲು. ಆದ್ದರಿಂದ ನಿಮ್ಮ ಅಟ್ಟದಲ್ಲೂ ಇಂಥದ್ದಿದ್ದರೆ ಪಾಲಿಶ್ ಹೊಡಿಸಬೇಡಿ, ಪ್ಲಗ್ ಹಾಕಬೇಡಿ, ಡಬ್ಬ, ಬಿಲ್ಲು, ಆಗಿನ ಕಾಲದ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕರೆ ಜೊತೆಗಿಡಿ. ಮೊದಲು ರಿಪೇರಿಯವರನ್ನು ಹುಡುಕಿ, ಗಿರಾಕಿ ಆಮೇಲೆ.

ರಿಪೇರಿ ಖರ್ಚು 2,800 ಅಂದರು ಯಜಮಾನರು. ಚಿಕ್ಕಪ್ಪ ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಅಷ್ಟರಲ್ಲಿ ಯಜಮಾನರು ಟಾರ್ಚ್ ಬಿಟ್ಟು, ವಾಲ್ವುಗಳ ಸಂದಿಗೆ ಚಿಮಟ ತೂರಿಸಿ ಏನೋ ಹೊರತೆಗೆದರು. ಮೂಸಿ ನೋಡಿದರು. ಅರ್ಧ ಬೆಂದ ಒಂದು ಎಸಳು ಬೆಳ್ಳುಳ್ಳಿ.

"ಇದು ಯಾಕೆ ಸಾರ್ ಇಲ್ಲಿ?"

ಚಿಕ್ಕಪ್ಪ ಕಿಟಕಿಯಾಚೆ ನೋಡುತ್ತ ಕೂತರು.