ಚದರಡಿ ಲೆಕ್ಕದಲ್ಲಿ ಸಿಂಡಿ

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ನೋಟಿಸು ಅಂಟಿಸಿದ್ದರು. ‘ಭಾನುವಾರ ಬೆಳಿಗ್ಗೆ 6.30ಕ್ಕೆ ಸಿಂಡಿ. ನಿವಾಸಿಗಳು ತಪ್ಪದೆ ಬರಬೇಕು.’ ಸಿ ಬ್ಲಾಕಿನ ಅಜ್ಜಿ ಎರಡು ಸಲ ಓದಿ, ‘ಯಾರ ಮನೆ ಮಗು? ನಾಮಕರಣಾನಾ?’ ಅಂತ ಕೇಳಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ತಿಂಡಿ ವ್ಯವಸ್ಥೆ ಇರುವುದಿಲ್ಲ’ ಅಂತ ಇತ್ತು. ಅಜ್ಜಿ ಮುಂದೆ ಏನೂ ಕೇಳಲಿಲ್ಲ.

ಸಿಂಡಿ ಮಗುವಲ್ಲ, ಕಸರತ್ತು. ಕ್ರಾಸ್‌ಫಿಟ್ ಅನ್ನುವ ಅಮೆರಿಕದ ವ್ಯಾಯಾಮ ಪದ್ಧತಿಯವರದ್ದು. ಕೋಲಿಗೆ ಜೋತುಬಿದ್ದು ಮೈಯನ್ನು ಮೇಲಕ್ಕೆಳೆಯುವ 5 ಪುಲ್ ಅಪ್, 10 ದಂಡ, 15 ಬಸ್ಕಿ ಸೇರಿದರೆ ಒಂದು ಸುತ್ತು. 20 ನಿಮಿಷದಲ್ಲಿ ಎಷ್ಟು ಸುತ್ತು ಆಗುತ್ತೋ ಅಷ್ಟು. ಕ್ರಾಸ್‌ಫಿಟ್ ಹುಟ್ಟುಹಾಕಿದ ಗ್ರೆಗ್ ಗ್ಲಾಸ್‌ಮನ್ ಇಂಥ ಕಸರತ್ತುಗಳಿಗೆ ಹೆಣ್ಣುಮಕ್ಕಳ ಹೆಸರಿಟ್ಟ. ಅಮೆರಿಕದಲ್ಲಿ ಚಂಡಮಾರುತಗಳಿಗೆ ಹಾಗೆ ಹೆಸರಿಡುತ್ತಿದ್ದರಲ್ಲ, ಅದೇ ಲೆಕ್ಕ. ಬಂದು ಹೋದ ಮೇಲೆ ಯಾರೂ ನಿಂತಿರಬಾರದು.

ಕನಕಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿಗೆ ಇದು ಬೇಕಿತ್ತಾ? ಬೇಕಿತ್ತಂತೆ. ಯಾಕೆಂದರೆ ಎದುರಿನ ಅಪಾರ್ಟ್‌ಮೆಂಟಿನವರು ಹಿಂದಿನ ವಾರ ‘ಮರ್ಫ್’ ಮಾಡಿ ಫೋಟೊ ಹಾಕಿದ್ದರು. ಮರ್ಫ್ ಅಂದರೆ 1.6 ಕಿಲೋಮೀಟರ್ ಓಟ, 100 ಪುಲ್ ಅಪ್, 200 ದಂಡ, 300 ಬಸ್ಕಿ, ಮತ್ತೆ 1.6 ಕಿಲೋಮೀಟರ್ ಓಟ. ಜೊತೆಗೆ 9 ಕಿಲೋ ತೂಕದ ಜಾಕೆಟ್ಟು. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಸತ್ತ ಅಮೆರಿಕದ ನೌಕಾಪಡೆಯ ಲೆಫ್ಟಿನೆಂಟ್ ಮೈಕಲ್ ಮರ್ಫಿಯ ನೆನಪಿಗೆ ಮಾಡುವಂಥದ್ದು. ಎದುರಿನವರು ಅದನ್ನು ಯಾರ ನೆನಪಿಗೆ ಮಾಡಿದರೋ ಗೊತ್ತಿಲ್ಲ. ಫೋಟೊದಲ್ಲಿ ಹಿಂದೆ ಬಿಲ್ಡರ್‌ನ ಬ್ಯಾನರ್ ಕಾಣುತ್ತಿತ್ತು. ನಮ್ಮ ಅಧ್ಯಕ್ಷರಿಗೆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಪೋಸ್ಟರ್ ತಯಾರಾಯಿತು. ‘ಜಿಮ್ನಾಸ್ಟಿಕ್ಸ್ ಆಧಾರಿತ ಫಿಟ್‌ನೆಸ್’ ಅನ್ನುವ ಪದ ಕಿವಿಗೆ ಬಿದ್ದಿತ್ತು ನೋಡಿ, ಗಾಳಿಯಲ್ಲಿ ಪಲ್ಟಿ ಹೊಡೆಯುವ ಹುಡುಗಿಯ ಚಿತ್ರ ಹಾಕಿಸಿದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ದೀಪಾ ಕರ್ಮಾಕರ್ ಪ್ರೊಡುನೊವಾ ಅನ್ನುವ ಅಪಾಯದ ಪಲ್ಟಿ ಹಾರಿ 4ನೇ ಸ್ಥಾನ ಪಡೆದದ್ದು ನೆನಪಿದ್ದವರು ಹೆದರಿ ಆ ಭಾನುವಾರಕ್ಕೆ ಊರಿಗೆ ಟಿಕೆಟ್ ಬುಕ್ ಮಾಡಿದರು. ನಿಜ ಹೇಳಬೇಕೆಂದರೆ ಕ್ರಾಸ್‌ಫಿಟ್‌ನವರ ಭಾಷೆಯಲ್ಲಿ ಜಿಮ್ನಾಸ್ಟಿಕ್ಸ್ ಅಂದರೆ ಪಲ್ಟಿಯಲ್ಲ. ಕಬ್ಬಿಣ ಹಿಡಿಯದೆ ನಮ್ಮ ಮೈಭಾರವನ್ನೇ ನಾವು ಎತ್ತುವುದು, ಇಳಿಸುವುದು. ಕುಂತು ಎದ್ದರೂ ಲೆಕ್ಕಕ್ಕಿದೆ.

ಕೋಚ್ ಅಂತ ಹಾಸನದ ಕಡೆಯ ಒಬ್ಬ ಹುಡುಗನನ್ನು ಕರೆಸಿದ್ದರು. ಮಾತು ಕಡಿಮೆ, ಕೆಲಸ ಗೊತ್ತು. ಮೀಟಿಂಗಿನಲ್ಲಿ ಆತ ಹೇಳಿದ್ದು ಇಷ್ಟೇ: ‘ಸಾರ್, ಎಲ್ಲರೂ ಒಂದೇ ಥರ ಮಾಡೋದು ಬೇಡ. ಬರೆದಿರೋ ಹಾಗೇ ಮಾಡಿದ್ರೆ ಆರ್‌ಎಕ್ಸ್. ಆಗದೇ ಇರೋರಿಗೆ ಸ್ಕೇಲ್ ಮಾಡ್ತೀನಿ, ಅಂದ್ರೆ ಅವರ ಶಕ್ತಿಗೆ ತಕ್ಕ ಹಾಗೆ ಇಳಿಸ್ತೀನಿ. ಕೋಲು ಹಿಡಿದು ಮೇಲೆ ಬರೋಕೆ ಆಗಲ್ವಾ? ರಬ್ಬರ್ ಪಟ್ಟಿ ಕಟ್ಕೊಳ್ಳಿ, ಇಲ್ಲಾ ನೇತುಹಾಕಿದ ರಿಂಗ್ ಹಿಡಿದು ಓರೆಯಾಗಿ ನಿಂತು ಎಳೀರಿ. ಕಾಲು ಮುಂದೆ ಇಟ್ಟಷ್ಟೂ ಕಷ್ಟ, ಹಿಂದೆ ಇಟ್ಟಷ್ಟೂ ಸುಲಭ. ನೆಲದ ಮೇಲೆ ದಂಡ ಆಗಲ್ವಾ? ಗೋಡೆಗೆ ಕೈ ಕೊಟ್ಟು ಶುರು ಮಾಡಿ, ಆಮೇಲೆ ಟೇಬಲ್ಲು, ಆಮೇಲೆ ಕುರ್ಚಿ, ಆಮೇಲೆ ನೆಲ. ಬಸ್ಕಿಗೆ ಹಿಂದೊಂದು ಕುರ್ಚಿ ಇಟ್ಕೊಳ್ಳಿ.’

ಸುತ್ತೂ ಇಳಿಸಬಹುದು ಅಂದ. 5, 10, 15ರ ಬದಲು 3, 6, 9. ಇಪ್ಪತ್ತು ನಿಮಿಷದ ಬದಲು ಹತ್ತು. ಒಂದೇ ಷರತ್ತು, ಕೈಕಾಲು ಆಡುತ್ತಾ ಇರಬೇಕು. ಮೊದಲ ಸುತ್ತು ಒಂದು ನಿಮಿಷಕ್ಕೆ ಮುಗಿದು ಐದನೆಯದಕ್ಕೆ ನಾಲ್ಕು ನಿಮಿಷ ಹಿಡಿದರೆ, ನೀವು ಆರಿಸಿಕೊಂಡ ಅಳತೆ ತಪ್ಪು ಅಂತ ಅರ್ಥ. ಕಸರತ್ತು ಹಗುರಾಗಬಹುದು, ಮೈಗೆ ಆಗಬೇಕಾದ ಕೆಲಸ ಕಡಿಮೆಯಾಗಬಾರದು.

ನನಗಂತೂ ಬಹಳ ಹಿಡಿಸಿತು. ನಮ್ಮ ಪೇಟೆ ಗರಡಿಗಳಲ್ಲೂ ಇದೇ ತಾನೇ? ಹೊಸ ಹುಡುಗ ಬಂದ ದಿನವೇ ಉಸ್ತಾದರು ಅವನನ್ನು ಕುಸ್ತಿಗೆ ಬಿಡುತ್ತಿರಲಿಲ್ಲ. ಮೊದಲು ಕೆಮ್ಮಣ್ಣು ಅಗೆ, ಆಮೇಲೆ ನಾಲ್ಕು ಬಸ್ಕಿ, ಆಮೇಲೆ ದಂಡ. ಅದಕ್ಕೊಂದು ಇಂಗ್ಲಿಷ್ ಹೆಸರಿಡದೆ ಹೋದದ್ದೇ ಗರಡಿಯವರ ತಪ್ಪು. ಇಟ್ಟಿದ್ದರೆ ಅವರೂ ತಿಂಗಳಿಗೆ ಎಂಟು ಸಾವಿರ ಕೇಳಬಹುದಿತ್ತು. ಇದೇ ಬೆಂಗಳೂರಿನ ಪ್ರೊಫೆಸರ್ ಕೆ.ವಿ. ಅಯ್ಯರ್ ಹರ್ಕ್ಯುಲಸ್ ಜಿಮ್ನಾಷಿಯಂ ನಡೆಸುತ್ತಾ ದೂರದ ಊರಿನವರಿಗೆ ಅಂಚೆಯಲ್ಲೇ ವ್ಯಾಯಾಮ ಪಾಠ ಕಳಿಸುತ್ತಿದ್ದರು. ಕಾಗದದ ಮೇಲೆ ಅವರು ಮಾಡಿದ್ದನ್ನು ಎದುರಿಗೆ ಕೋಚ್ ಇದ್ದೂ ನಮಗೆ ಮಾಡೋಕಾಗಲಿಲ್ಲ.

ಯಾಕೆ ಅಂದರೆ ಸ್ಕೇಲಿಂಗ್ ಅಸೋಸಿಯೇಷನ್ ಕೈಗೆ ಸಿಕ್ಕಿತು.

ಖಜಾಂಚಿ ಎದ್ದು ನಿಂತರು. ‘ಯಾರಿಗೆ ಎಷ್ಟು ಅಂತ ಕೋಚ್ ಒಬ್ಬರೇ ತೀರ್ಮಾನ ಮಾಡೋದು ಸರಿಯಲ್ಲ. ಒಂದು ಮಾನದಂಡ ಬೇಕು.’ ನಮ್ಮಲ್ಲಿ ಎಲ್ಲದಕ್ಕೂ ಇರುವ ಮಾನದಂಡ ಒಂದೇ, ಚದರಡಿ. ಮೇಂಟೆನೆನ್ಸ್ ಚದರಡಿ ಲೆಕ್ಕ. ದೀಪಾವಳಿ ಚಂದಾ ಚದರಡಿ ಲೆಕ್ಕ. ಹಾಗಾಗಿ ಸಿಂಡಿಯೂ ಚದರಡಿ ಲೆಕ್ಕ ಅಂತ ಆಯಿತು. 1,600ಕ್ಕಿಂತ ಜಾಸ್ತಿ ಇರುವ ಫ್ಲಾಟಿನವರು ಆರ್‌ಎಕ್ಸ್. ಅದಕ್ಕಿಂತ ಕಡಿಮೆಯವರು ಸ್ಕೇಲ್ಡ್. ಬಾಡಿಗೆಯವರು ಓನರ್‌ನಿಂದ ಎನ್‌ಓಸಿ ತಂದರೆ ಬಸ್ಕಿ ಮಾತ್ರ. ಮೇಂಟೆನೆನ್ಸ್ ಬಾಕಿ ಇಟ್ಟವರು ಕೋಲಿಗೆ ಜೋತು ಬೀಳುವಂತಿಲ್ಲ.

ಇದರಿಂದ ಏನಾಯಿತು ನೋಡಿ. ಎ ಬ್ಲಾಕಿನ 1,850 ಚದರಡಿಯ ಹಿರಿಯರಿಗೆ 71 ವರ್ಷ, ಭುಜಕ್ಕೆ ಆಪರೇಷನ್ ಆಗಿದೆ. ಅವರು ಆರ್‌ಎಕ್ಸ್. ಡಿ ಬ್ಲಾಕಿನ ಒಂದು ಬೆಡ್‌ರೂಮಿನ ಹುಡುಗಿ ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಕೋಲು ಹಿಡಿದರೆ ಒಂದೇ ಉಸಿರಿಗೆ ಹನ್ನೆರಡು ಸಲ ಮೇಲೆ ಹೋಗುತ್ತಾಳೆ. ಅವಳು ಬಾಡಿಗೆ. ಕೋಚ್ ಬಾಯಿ ತೆರೆದ. ‘ಸಾರ್, ಅಭ್ಯಾಸ ಇಲ್ಲದವರು ಒಂದೇ ದಿನ ಪುಲ್ ಅಪ್ ಜಾಸ್ತಿ ಮಾಡಿದ್ರೆ ಮಾಂಸಖಂಡ ಒಡೆದು ಕಿಡ್ನಿಗೆ ತೊಂದರೆ ಆಗಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತೆ.’ ಕಾರ್ಯದರ್ಶಿಗಳು ಇದನ್ನು ನಡಾವಳಿಯಲ್ಲಿ ಬರೆದುಕೊಂಡರು: ‘ಕಾಫಿ ವ್ಯವಸ್ಥೆ ಬಗ್ಗೆ ಚರ್ಚೆ.’

ಹಿರಿಯರಿಗಾದರೂ ವಿನಾಯಿತಿ ಕೊಡಿ ಅಂದೆ. ಅವರೇ ಒಪ್ಪಲಿಲ್ಲ. ‘ಬೋರ್ಡಿನ ಮೇಲೆ ನನ್ನ ಫ್ಲಾಟ್ ನಂಬರಿನ ಮುಂದೆ ಸ್ಕೇಲ್ಡ್ ಅಂತ ಬರೆದರೆ ನಾಳೆ ಮಾರೋಕೆ ಹೋದಾಗ ರೇಟು ಬೀಳುತ್ತೆ ಕಣ್ರೀ!’ ಸಭೆ ಗಂಭೀರವಾಗಿ ತಲೆಯಾಡಿಸಿತು. ಎರಡು ಸಾವಿರ ಚದರಡಿಯವರೊಬ್ಬರು ತಮಗೆ ‘ಆರ್‌ಎಕ್ಸ್ ಪ್ಲಸ್’ ಬೇಕು, ಇಲ್ಲದಿದ್ದರೆ ಹೆಚ್ಚುವರಿ ಮೇಂಟೆನೆನ್ಸ್ ಯಾಕೆ ಕಟ್ಟಬೇಕು ಅಂತ ಕೇಳಿದರು. ನ್ಯಾಯವೇ.

ಇನ್ನು ಕೋಲಿನ ವಿಷಯ. ಮೂರು ಕೊಟೇಶನ್ ತರಿಸಿ ಎಲ್ಲಕ್ಕಿಂತ ಕಡಿಮೆಯವರಿಗೆ ಕೊಟ್ಟರು. ಮುಖ ಪೂರ್ವಕ್ಕಿರಬೇಕು ಅಂತ ವಾಸ್ತು ತಿಳಿದವರು ಹೇಳಿದ್ದರಿಂದ ಬೇಸ್‌ಮೆಂಟಿನಲ್ಲಿ ಪೂರ್ವಕ್ಕೆ ಖಾಲಿ ಇದ್ದ ಒಂದೇ ಜಾಗದಲ್ಲಿ ಹಾಕಿಸಿದರು. ಅದರ ನೆತ್ತಿಯ ಮೇಲೆ ಬಿ ಬ್ಲಾಕಿನ ಚರಂಡಿ ಪೈಪು. ಪುಲ್ ಅಪ್ ಅಂದರೆ ಗದ್ದ ಕೋಲಿನ ಮೇಲೆ ಬರಬೇಕು. ನಮ್ಮಲ್ಲಿ ಗದ್ದ ಬರುವ ಮೊದಲೇ ತಲೆ ಪೈಪಿಗೆ ತಗುಲುತ್ತದೆ. ಅಂದರೆ ಇಡೀ ಅಪಾರ್ಟ್‌ಮೆಂಟಿನಲ್ಲಿ ಆರ್‌ಎಕ್ಸ್ ಯಾರಿಗೂ ಸಾಧ್ಯವಿಲ್ಲ. ಸಮಾನತೆ ಅಂತ ನಮ್ಮಲ್ಲಿ ಏನಾದರೂ ಇದ್ದರೆ ಅದನ್ನು ತಂದುಕೊಟ್ಟದ್ದು ಆ ಪೈಪು.

ಭಾನುವಾರ ಬಂತು. 6.30ರ ಸಿಂಡಿ 7.40ಕ್ಕೆ ಶುರುವಾಯಿತು, ನೀರಿನ ಟ್ಯಾಂಕರ್ ದಾರಿಗೆ ಅಡ್ಡ ನಿಂತಿತ್ತು. ಆರ್‌ಎಕ್ಸ್‌ನವರು ಕೋಲಿಗೆ ಜೋತುಬಿದ್ದು ಕಾಲು ಝಾಡಿಸಿದರು. ಮೀನು ನೀರಿನಿಂದ ಆಚೆ ಬಂದ ಹಾಗೆ. ನಾಲ್ಕು ನಿಮಿಷದಲ್ಲಿ ಮುಕ್ಕಾಲು ಪಾಲು ಜನ ‘ಒಂದು ಅರ್ಜೆಂಟ್ ಕಾಲ್’ ಅಂತ ಕಂಬದ ಹಿಂದೆ ಹೋದರು. ಹಿರಿಯರನ್ನು ಮಾತ್ರ ಕೋಚ್ ಮೆಲ್ಲಗೆ ಪಕ್ಕಕ್ಕೆ ಕರೆದು, ‘ಸಾರ್, ನಿಮಗೆ ಸ್ಪೆಷಲ್ ಆರ್‌ಎಕ್ಸ್’ ಅಂತ ಹೇಳಿ ಗೋಡೆಗೆ ಕೈ ಕೊಡಿಸಿದ. ಅವರು ಖುಷಿಯಾಗಿ ಮಾಡಿದರು. ಹುಡುಗ ಮುಂದೆ ಬರುತ್ತಾನೆ, ಅನುಮಾನವೇ ಇಲ್ಲ.

ಅಧ್ಯಕ್ಷರದ್ದು 22 ಸುತ್ತು. ತಾವೇ ಎಣಿಸಿಕೊಂಡರು. ಇಪ್ಪತ್ತು ಸುತ್ತು ಅಂದರೇನೇ 100 ಪುಲ್ ಅಪ್, 200 ದಂಡ, 300 ಬಸ್ಕಿ. ಓಟ ಬಿಟ್ಟರೆ ಇಡೀ ಮರ್ಫ್ ಅಷ್ಟೇ! ಎದುರಿನ ಅಪಾರ್ಟ್‌ಮೆಂಟಿನವರನ್ನು ಸೋಲಿಸಿದ ಹಾಗೆ. ನಾನು ನೋಡಿದ್ದು ಬೇರೆ. ಅವರ ಬಸ್ಕಿಗೆ ಹಿಂದೆ ಕುರ್ಚಿ ಇಟ್ಟಿದ್ದರು. ಕೂರುವುದು ಚೆನ್ನಾಗಿಯೇ ಮಾಡಿದರು, ಒಂಬತ್ತು ವರ್ಷದ ಅಭ್ಯಾಸ. ಕುರ್ಚಿ ಬಿಟ್ಟು ಏಳುವುದೇ ಆಗಲಿಲ್ಲ.

ಡಿ ಬ್ಲಾಕಿನ ಹುಡುಗಿ ಎನ್‌ಓಸಿ ತಂದಿರಲಿಲ್ಲ. ಪಾರ್ಕಿಂಗ್ ಪಕ್ಕ ಕೂತು ಎಲ್ಲರ ವೀಡಿಯೊ ಮಾಡಿದಳು. ಅದು ಗ್ರೂಪಿಗೆ ಬಿದ್ದ ಮೇಲೆ ಬೇಸ್‌ಮೆಂಟಿನಲ್ಲಿ ವೀಡಿಯೊ ನಿಷೇಧ ಅಂತ ಹೊಸ ನಿಯಮ ಬಂತು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ನನ್ನದು 1,140 ಚದರಡಿ, ಮಂಡಿ ಎರಡೂ ಮಾತಾಡುತ್ತವೆ. ಕೋಚ್ ಹೇಳಿದ ಹಾಗೆ ದಂಡ ಗೋಡೆಯಿಂದ ಶುರು ಮಾಡಿದೆ. ‘ಹೊಸ ಪೇಂಟ್, ಕೈ ಇಡಬೇಡಿ’ ಅಂತ ಬೋರ್ಡು ಬಂತು. ಅಸೋಸಿಯೇಷನ್ ಆಫೀಸಿನ ಟೇಬಲ್ಲಿಗೆ ಬಡ್ತಿ ಪಡೆದೆ. ಅದಕ್ಕೆ ಒಂದು ದಿನ ಮುಂಚೆ ಬುಕಿಂಗ್, ಐನೂರು ಡಿಪಾಸಿಟ್ಟು ಅಂದರು. ಈಗ ಅಡುಗೆಮನೆ ಕಟ್ಟೆಗೆ ಕೈ ಕೊಡುತ್ತೇನೆ. ಟೇಬಲ್ಲಿಗಿಂತ ಸ್ವಲ್ಪ ಎತ್ತರ, ಹಾಗಾಗಿ ಸ್ವಲ್ಪ ಸುಲಭ. ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಡುತ್ತಿದ್ದೆ. ಇವಳು ಬೇಳೆ ತೊಳೆದು ಕುಕ್ಕರ್ ಮುಚ್ಚಿದಳು.

‘ಇಪ್ಪತ್ತು ನಿಮಿಷ ಕಟ್ಟೆ ಬಿಟ್ಟುಕೊಡೋಕೆ ಆಗಲ್ಲ ರೀ. ಮೂರು ವಿಷಲ್ ಆಗೋದರೊಳಗೆ ಎಷ್ಟಾಗುತ್ತೋ ಅಷ್ಟು ಮಾಡ್ಕೊಳ್ಳಿ. ಆಮೇಲೆ ನೀವೇ ಒಲೆ ಆರಿಸಿ.’