ಸದಸ್ಯತ್ವ ಬೆಳೆಯಲಿ, ಕೆಲಸವೂ ಮುಂದುವರಿಯಲಿ

ಕಲಬುರಗಿ ಭಾಗದ ಸೇವಾ ಕ್ಲಬ್‌ಗಳ ಸ್ಥಳೀಯ ಯೋಜನೆಗಳನ್ನೂ ಹೊಸ ಸದಸ್ಯರ ಸೇರ್ಪಡೆಯನ್ನೂ ವಿವರಿಸಿದ ಈ ಲೇಖನಕ್ಕೆ ಧನ್ಯವಾದಗಳು. ಆದರೆ ಸದಸ್ಯರ ಸಂಖ್ಯೆಗಿಂತ ಕೆಲಸದ ನಿರಂತರತೆಯೇ ಮುಖ್ಯವೆಂದು ನಾನು ಭಾವಿಸುತ್ತೇನೆ. ರೋಟರಿ, ಲಯನ್ಸ್ ಕ್ಲಬ್‌ಗಳ ಸೇವಾ ವರ್ಷ ಜುಲೈ 1ರಿಂದ ಜೂನ್ 30ರವರೆಗೆ ಇರುತ್ತದೆ. ಆ ವರ್ಷ ಮುಗಿದು ಅಧ್ಯಕ್ಷರು ಬದಲಾದಾಗ, ಹಿಂದಿನವರು ಶಾಲೆಯೊಂದಕ್ಕೆ ಕೊಟ್ಟ ಕುಡಿಯುವ ನೀರಿನ ಘಟಕದ ಫಿಲ್ಟರ್ ಬದಲಿಸುವ ಹೊಣೆ ಯಾರದೆಂಬುದು ಬರಹದಲ್ಲಿ ಇಲ್ಲದಿದ್ದರೆ, ನಮ್ಮ ಕಡೆಯ ಬೇಸಿಗೆಯಲ್ಲಿ ಮಕ್ಕಳಿಗೆ ಆ ಘಟಕ ಇದ್ದೂ ಇಲ್ಲದಂತಾಗುತ್ತದೆ. ರೋಟರಿ 1985ರಲ್ಲಿ ಕೈಗೊಂಡ ಪೋಲಿಯೊ ನಿರ್ಮೂಲನ ಕಾರ್ಯವನ್ನು ಪದಾಧಿಕಾರಿಗಳು ಎಷ್ಟೇ ಬದಲಾದರೂ ಕೈಬಿಡಲಿಲ್ಲ. ಸರ್ಕಾರದ ಮತ್ತು ಆರೋಗ್ಯ ಕಾರ್ಯಕರ್ತರ ದುಡಿಮೆಗೆ ಅದು ಹೆಗಲು ಕೊಟ್ಟಿತು, 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ದೃಢಪಟ್ಟಿತು.

ಕಣ್ಣಿನ ಶಿಬಿರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪೊರೆಯ ಶಸ್ತ್ರಚಿಕಿತ್ಸೆ ಮುಗಿಸಿ ಔರಾದ್ ಅಥವಾ ಸುರಪುರ ತಾಲ್ಲೂಕಿನ ಹಳ್ಳಿಗೆ ಮರಳಿದ ಹಿರಿಯರಿಗೆ ಕಣ್ಣಿನ ಹನಿ ಹಾಕುವುದು, ಮರುತಪಾಸಣೆಗೆ ಕರೆತರುವುದು ಶಸ್ತ್ರಚಿಕಿತ್ಸೆಯಷ್ಟೇ ಅಗತ್ಯ, ಮತ್ತು ಅದಕ್ಕೆ ಆ ಊರಿನವರೇ ಸದಸ್ಯರಾಗಿರಬೇಕು. ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದಿವೆ. ಆದ್ದರಿಂದ ಗ್ರಾಮೀಣ ಶಿಕ್ಷಕಿಯರನ್ನು, ಸ್ವಸಹಾಯ ಸಂಘಗಳ ಮಹಿಳೆಯರನ್ನು, ತೊಗರಿ ಬೆಳೆಗಾರರನ್ನು ಸ್ಥಳೀಯ ಕ್ಲಬ್‌ಗಳು ಮನಸಾರೆ ಆಹ್ವಾನಿಸಬೇಕು. ಅವರಿಗೆ ಭಾರವಾಗದಂತೆ ಸಭೆಯ ಖರ್ಚನ್ನೂ ಸಮಯವನ್ನೂ ಹೊಂದಿಸಬೇಕೆಂದು ವಿನಂತಿಸುತ್ತೇನೆ.