ನಿರ್ಣಾಯಕರೇ, ನಿಮ್ಮ ಅಂಕಗಳಿಗೆ ಸಹಿ ಹಾಕಿ

ನಿನ್ನೆ ಶಿರಸಿಯಲ್ಲಿ ಮಕ್ಕಳ ಶಾಸ್ತ್ರೀಯ ಗಾಯನ ಸ್ಪರ್ಧೆ ಮುಗಿಯುವ ಹೊತ್ತಿಗೆ ಧ್ವನಿವರ್ಧಕದಲ್ಲಿ ಮತ್ತೆ ಅದೇ ಮಾತು ಕೇಳಿಸಿತು: "ನಿರ್ಣಾಯಕರ ತೀರ್ಮಾನವೇ ಅಂತಿಮ." ಮೂರು ಹೆಸರು ಓದಿದರು, ಶಾಲು ಹೊದೆಸಿದರು, ವಂದನಾರ್ಪಣೆ ಮುಗಿಯಿತು. ನಿರ್ಣಾಯಕರ ಕೈಯಲ್ಲಿದ್ದ ಅಂಕಪಟ್ಟಿ ಸಂಘಟಕರ ಚೀಲ ಸೇರಿತು. ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಇಷ್ಟು ವರ್ಷ ಪಾಠ ಹೇಳಿದ ನನಗೂ ತಿಳಿಯದು.

ಅಂತಿಮವಾಗಿಯೇ ಇರಲಿ, ನನ್ನ ತಕರಾರಿಲ್ಲ. ಆದರೆ ಯಾರು ಯಾರಿಗೆ ಎಷ್ಟು ಕೊಟ್ಟರು? ನನ್ನ ಶಿಷ್ಯೆ ಭೀಮಪಲಾಸ್ ರಾಗ ಹಾಡಿದಳು. ಯಲ್ಲಾಪುರದ ಕಡೆಯ ಹುಡುಗಿ. ಅಪ್ಪ ತೋಟದ ಕೆಲಸ ಬಿಟ್ಟು, ಬೆಳಗಿನ ಬಸ್ಸಿಗೆ ಕರೆದುಕೊಂಡು ಬಂದಿದ್ದರು. ಬಹುಮಾನ ಬರಲಿಲ್ಲವೆಂದು ಅವಳು ಅಳಲಿಲ್ಲ. "ಟೀಚರ್, ನಾನು ಎಲ್ಲಿ ತಪ್ಪಿದೆ?" ಎಂದಷ್ಟೇ ಕೇಳಿದಳು. ಸ್ವರದಲ್ಲೋ, ಲಯದಲ್ಲೋ, ತಾನಿನಲ್ಲೋ? ನಾನು ಏನು ಹೇಳಲಿ? ನನಗೂ ಯಾರೂ ಹೇಳಿರಲಿಲ್ಲ.

ನಾನು ಪಿಯಾನೊ ನುಡಿಸುವವಳಲ್ಲ. ನನ್ನದು ಹಾರ್ಮೋನಿಯಂ ಮತ್ತು ಕಂಠ ಎಂಬುದು ನಿಮಗೆಲ್ಲ ಗೊತ್ತು. ಆದರೂ 2025ರ ಅಕ್ಟೋಬರಿನಲ್ಲಿ ಪೋಲೆಂಡಿನ ವಾರ್ಸಾದ ಶೋಪ್ಯಾನ್ ಪಿಯಾನೊ ಸ್ಪರ್ಧೆಯನ್ನು ರಾತ್ರಿ ರಾತ್ರಿ ಯೂಟ್ಯೂಬಿನಲ್ಲಿ ನೋಡಿದೆ. ಅಲ್ಲಿ ಸಂಜೆಯಾದಾಗ ನಮ್ಮಲ್ಲಿ ಊಟ ಮುಗಿದು ಮನೆ ನಿಶ್ಶಬ್ದವಾಗಿರುತ್ತದೆ. 1927ರಲ್ಲಿ ಶುರುವಾದ ಸ್ಪರ್ಧೆ, ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಶೋಪ್ಯಾನ್ ಎಂಬ ಒಬ್ಬನೇ ರಚನಕಾರನ ಕೃತಿಗಳನ್ನು ಮೂರು ಸುತ್ತು ನುಡಿಸಿ ಗೆದ್ದವರು ಕೊನೆಗೆ ವಾದ್ಯವೃಂದದ ಜೊತೆ ಅಂತಿಮ ಸುತ್ತಿಗೆ ಬರುತ್ತಾರೆ. ಈ ಬಾರಿ ಅಮೆರಿಕದ ಎರಿಕ್ ಲು ಗೆದ್ದರು. ಆ ನುಡಿಸಾಣಿಕೆಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಇಂದು ನನಗೆ ಬೇಕಾದದ್ದು ಅಲ್ಲಿನ ಅಂಕಪಟ್ಟಿ.

ಸ್ಪರ್ಧೆ ಮುಗಿದ ಮೇಲೆ ಅಲ್ಲಿ ಪ್ರತಿ ನಿರ್ಣಾಯಕರ ಹೆಸರಿನ ಎದುರು, ಅವರು ಪ್ರತಿ ಸ್ಪರ್ಧಿಗೆ ಪ್ರತಿ ಸುತ್ತಿನಲ್ಲಿ ಕೊಟ್ಟ ಅಂಕವನ್ನು ಪ್ರಕಟಿಸುತ್ತಾರೆ. ಯಾರು ಬೇಕಾದರೂ ಓದಬಹುದು. ತನ್ನ ಶಿಷ್ಯ ವೇದಿಕೆಗೆ ಬಂದರೆ ಗುರು ಅವನಿಗೆ ಅಂಕ ಕೊಡುವಂತಿಲ್ಲ. 2021ರಲ್ಲಿ ಗೆದ್ದ ಬ್ರೂಸ್ ಲಿಯು ಅವರ ಗುರು ದಾಂಗ್ ತಾಯ್ ಸನ್ ನಿರ್ಣಾಯಕರ ಸಾಲಿನಲ್ಲೇ ಇದ್ದರು. ಶಿಷ್ಯನ ಮಟ್ಟಿಗೆ ಮಾತ್ರ ಅವರ ಲೇಖನಿ ಸುಮ್ಮನಿರಬೇಕಾಯಿತು. ನಮ್ಮಲ್ಲಿ? ತನ್ನ ತರಗತಿಯ ಮಕ್ಕಳನ್ನೇ ಎದುರು ಕೂರಿಸಿಕೊಂಡು ಅಂಕ ಹಾಕಿ, ಅವರಿಗೇ ಬಹುಮಾನವನ್ನೂ ಕೊಡುವುದನ್ನು ಇದೇ ಜಿಲ್ಲೆಯಲ್ಲಿ ನಾನು ಕಂಡಿದ್ದೇನೆ. ಆ ಮಕ್ಕಳು ಚೆನ್ನಾಗಿಯೇ ಹಾಡಿರಬಹುದು. ಆದರೆ ಅವರು ನಿಜವಾಗಿ ಗೆದ್ದರು ಎಂದು ಯಾರು ನಂಬುತ್ತಾರೆ? ಮೊದಲ ಅನ್ಯಾಯ ಆಗುವುದು ಗೆದ್ದ ಮಗುವಿಗೇ.

2015ರ ವಾರ್ಸಾ ಪಟ್ಟಿಯನ್ನು ನೋಡಿ. ದಕ್ಷಿಣ ಕೊರಿಯಾದ ಸಂಗ್‌ಜಿನ್ ಚೋ ಗೆದ್ದ ವರ್ಷ ಅದು. ಅಂತಿಮ ಸುತ್ತಿನಲ್ಲಿ 17 ನಿರ್ಣಾಯಕರಲ್ಲಿ ಬಹುತೇಕರು ಅವರಿಗೆ ಹತ್ತಕ್ಕೆ 9 ಅಥವಾ 10 ಕೊಟ್ಟಿದ್ದಾರೆ. ಫ್ರಾನ್ಸಿನ ಹಿರಿಯ ಪಿಯಾನೊ ವಾದಕ ಫಿಲಿಪ್ ಆಂತ್ರೆಮೋಂ ಕೊಟ್ಟದ್ದು 1. ಹತ್ತಕ್ಕೆ ಒಂದು! ಪಟ್ಟಿ ಹೊರಬಿದ್ದಾಗ ಜಗತ್ತಿನ ಸಂಗೀತಪ್ರಿಯರು ಕೆರಳಿದರು. ಕೆರಳಲಿ. ಆ ಒಂದು ಅಂಕ ಕೊಟ್ಟವರ ಹೆಸರು ಅದರ ಪಕ್ಕದಲ್ಲೇ ಇತ್ತು. ಏಕೆ ಕೊಟ್ಟಿರಿ ಎಂದು ಕೇಳಬೇಕೆನಿಸಿದರೆ ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು. ಆ ಒಂದು ಅಂಕದ ನಡುವೆಯೂ ಚೋ ಗೆದ್ದರು ಎಂಬುದೂ ಗೊತ್ತಾಯಿತು. ಅದೇ ಪಟ್ಟಿ ಚೀಲದೊಳಗೆ ಉಳಿದಿದ್ದರೆ ಏನಾಗುತ್ತಿತ್ತು? ಆಂತ್ರೆಮೋಂ ಅವರ ಹೆಸರು ಕ್ಷೇಮವಾಗಿರುತ್ತಿತ್ತು, ಉಳಿದ ಹದಿನಾರು ಜನರ ಮೇಲೆ ಅನುಮಾನ ಬೀಳುತ್ತಿತ್ತು. ಈಚಿನ ಸ್ಪರ್ಧೆಗಳಲ್ಲಿ, ಒಬ್ಬರ ಅಂಕ ಸರಾಸರಿಯಿಂದ ತೀರಾ ದೂರ ಹೋದರೆ ಅದನ್ನು ಸರಾಸರಿಯ ಹತ್ತಿರಕ್ಕೆ ಎಳೆಯುವ ನಿಯಮವೂ ಇದೆ. ಒಬ್ಬರ ಮುನಿಸು ಅಥವಾ ಮೋಹ ಇಡೀ ಫಲಿತಾಂಶವನ್ನು ತಿರುಗಿಸಬಾರದಲ್ಲ!

ನಮ್ಮ ಅಡಿಕೆಗೆ ಇರುವ ಮರ್ಯಾದೆ ನಮ್ಮ ಮಕ್ಕಳ ಹಾಡಿಗೆ ಇಲ್ಲ. ಚಾಲಿ ಅಡಿಕೆಗೆ ದರ ಎಷ್ಟು, ರಾಶಿ ಅಡಿಕೆಗೆ ಎಷ್ಟು ಎಂಬುದು ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತದೆ. ನಮ್ಮ ಮಾಲಿಗೆ ದರ ಇಳಿದರೆ ಏಕೆಂದು ನಿಂತು ಕೇಳುತ್ತೇವೆ. ಐದಾರು ವರ್ಷ ಕಲಿತ ಮಗುವಿನ ಹಾಡಿಗೆ ಯಾರು ಎಷ್ಟು ಹಾಕಿದರು ಎಂದು ಕೇಳಿದರೆ ಮಾತ್ರ "ಏನಮ್ಮಾ, ಹಿರಿಯರನ್ನೇ ಪ್ರಶ್ನಿಸುತ್ತೀರಾ?" ಎನ್ನುತ್ತಾರೆ. ಹೌದು, ಪ್ರಶ್ನಿಸುತ್ತೇನೆ.

ಇಲ್ಲಿ ಕೆಲವರು ಹೇಳುವ ಮಾತು ನನಗೆ ಗೊತ್ತು. ಊರು ಚಿಕ್ಕದು, ನಾಳೆ ಮದುವೆ ಮನೆಯಲ್ಲಿ ಎದುರಾಗಬೇಕು, ಹೆಸರು ಬಯಲಾದರೆ ನಿರ್ಣಾಯಕರಾಗಲು ಯಾರೂ ಒಪ್ಪುವುದಿಲ್ಲ. ಆದರೆ ಪಿಯಾನೊ ವಾದಕರ ಜಗತ್ತು ಇದಕ್ಕಿಂತ ದೊಡ್ಡದೇನಲ್ಲ. ಅದೇ ಜನ ಅದೇ ವೇದಿಕೆಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. 1980ರ ವಾರ್ಸಾ ಸ್ಪರ್ಧೆಯಲ್ಲಿ ಇವೊ ಪೊಗೊರೆಲಿಚ್ ಎಂಬ ಸ್ಪರ್ಧಿಯನ್ನು ಅಂತಿಮ ಸುತ್ತಿಗೆ ಬಿಡಲಿಲ್ಲವೆಂದು ಪಿಯಾನೊ ವಾದಕಿ ಮಾರ್ತಾ ಆರ್ಗೆರಿಚ್ ನಿರ್ಣಾಯಕ ಮಂಡಳಿಗೆ ರಾಜೀನಾಮೆ ಕೊಟ್ಟು ಹೊರನಡೆದರು. ಆ ವರ್ಷ ಗೆದ್ದವರು ವಿಯೆಟ್ನಾಮಿನ ದಾಂಗ್ ತಾಯ್ ಸನ್, ಆ ಸ್ಪರ್ಧೆ ಗೆದ್ದ ಏಷ್ಯಾದ ಮೊದಲಿಗರು. 2015ರಲ್ಲಿ ಅದೇ ಆರ್ಗೆರಿಚ್, ಅದೇ ದಾಂಗ್ ತಾಯ್ ಸನ್ ಒಂದೇ ಮಂಡಳಿಯಲ್ಲಿ ಕುಳಿತು ಅಂಕ ಕೊಟ್ಟರು. ಬಹಿರಂಗವಾಗಿ ಭಿನ್ನಮತ ಹೇಳಿದ್ದರಿಂದ ಯಾರ ಮುಖವೂ ಮುರಿಯಲಿಲ್ಲ. ಹೆಸರು ಹೊರಬಿದ್ದೀತೆಂದು ಹೆದರುವವರು ಆ ಕುರ್ಚಿಯಲ್ಲಿ ಕೂರದಿರುವುದೇ ಒಳ್ಳೆಯದು.

ಕಲೆಯನ್ನು ಅಂಕದಲ್ಲಿ ಅಳೆಯಲಾಗದು ಎನ್ನುವವರೂ ಇದ್ದಾರೆ. ಹಾಗಾದರೆ ಪ್ರಥಮ, ದ್ವಿತೀಯ ಎಂದು ಕೂಗುವುದನ್ನು ನಿಲ್ಲಿಸಿ, ಎಲ್ಲ ಮಕ್ಕಳಿಂದ ಹಾಡಿಸಿ ಊಟ ಹಾಕಿ ಕಳಿಸಿ. ನನಗೆ ಅದೂ ಒಪ್ಪಿಗೆ.

ಹೆಚ್ಚಿನವರಿಗೆ ಹೇಳದ ಒಂದು ಸಂಗತಿ ಇದೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದೂರಿನಲ್ಲಿ ನಾನು ನಿರ್ಣಾಯಕಿಯಾಗಿದ್ದೆ. ಅಂಕಪಟ್ಟಿ ಕೊಡುವ ಹೊತ್ತಿಗೆ ಸಂಘಟಕರೊಬ್ಬರು ಹತ್ತಿರ ಬಂದು, "ಮೇಡಂ, ಆ ಹುಡುಗಿ ನಮ್ಮ ಅಧ್ಯಕ್ಷರ ಮೊಮ್ಮಗಳು, ಸ್ವಲ್ಪ ನೋಡಿ" ಎಂದರು. ನಾನು ಬರೆದ ಅಂಕವನ್ನು ಬದಲಿಸಲಿಲ್ಲ. ಫಲಿತಾಂಶ ಓದಿದಾಗ ಆ ಹುಡುಗಿಗೆ ದ್ವಿತೀಯ ಬಹುಮಾನ ಬಂದಿತ್ತು. ಉಳಿದ ಇಬ್ಬರು ಎಷ್ಟು ಕೊಟ್ಟರೋ, ನನ್ನ ಅಂಕ ಏನಾಯಿತೋ, ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಅವರು ನನ್ನನ್ನು ಕರೆದಿಲ್ಲ. ಆ ನೋವು ಇದೆ, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚು ಸುಡುವುದು, ಸಭೆಯಲ್ಲಿದ್ದ ತಂದೆತಾಯಿಗಳ ಕಣ್ಣಿನಲ್ಲಿ ಆ ಫಲಿತಾಂಶ ನನ್ನದೂ ಆಗಿತ್ತಲ್ಲ ಎಂಬುದು.

ಆದ್ದರಿಂದ ಕುಮಟಾದಿಂದ ಸಿದ್ದಾಪುರದವರೆಗೆ ಸ್ಪರ್ಧೆ ನಡೆಸುವ ಎಲ್ಲ ಸಂಘದವರಲ್ಲಿ ನನ್ನ ವಿನಂತಿ. ಖರ್ಚೇನೂ ಇಲ್ಲ. ಸ್ವರ, ಲಯ, ರಾಗವಿಸ್ತಾರ ಎಂದು ಮನೆ ಎಳೆದ ಒಂದು ಹಾಳೆ. ಪ್ರತಿ ನಿರ್ಣಾಯಕರ ಹೆಸರು, ಅಂಕ, ಕೆಳಗೆ ಸಹಿ. ಫಲಿತಾಂಶ ಓದಿದ ಕೂಡಲೇ ಅದರ ಪ್ರತಿಯನ್ನು ಸಭಾಂಗಣದ ಬಾಗಿಲಿಗೆ ಅಂಟಿಸಿ. ತಮ್ಮ ಶಿಷ್ಯರಿಗೆ ಅಂಕ ಕೊಡಬೇಡಿ ಎಂದು ನಿರ್ಣಾಯಕರಿಗೆ ಆಮಂತ್ರಣದಲ್ಲೇ ತಿಳಿಸಿ. ಮುಂದಿನ ಸಲ ನನ್ನ ಶಿಷ್ಯರ ಹೆಸರು ನೋಂದಾಯಿಸುವ ಮೊದಲು ನಾನು ಫೋನ್ ಮಾಡಿ ಈ ಎರಡನ್ನೇ ಕೇಳುತ್ತೇನೆ. ಆಗುವುದಿಲ್ಲ ಎಂದರೆ ಮಕ್ಕಳನ್ನು ಕಳಿಸುವುದಿಲ್ಲ.